ಬ್ಲ್ಯಾಕ್ ಮೆಟಲ್ ಅಂದ್ರೆ ಬರೀ ನಾರ್ವೆ ಅಲ್ಲ

ನಮಸ್ಕಾರ ಕೇಳುಗರೇ. ಬ್ಲ್ಯಾಕ್ ಮೆಟಲ್, ಅಂದ್ರೆ ಕಿರುಚು ದನಿಯ, ಸೈತಾನ ಗೀತಾನ ಅಂತ ಹಾಡೋ ಹೆವಿ ಮೆಟಲ್ ಸಂಗೀತ, ಅಂದ ತಕ್ಷಣ ಎಲ್ರೂ ನಾರ್ವೆ ನಾರ್ವೆ ಅಂತಾರೆ, ಹಿಮ, ಕಾಡು, ಮುಖಕ್ಕೆ ಬಿಳಿ ಬಣ್ಣ, ಅಷ್ಟೇ. ನಂಗೆ ಕೇಳಿ ಕೇಳಿ ಸಾಕಾಗಿದೆ. ಇವತ್ತು ಒಂದೇ ಮಾತು ಹೇಳ್ತೀನಿ, ಹಂಗೇರೀನ ಮರೀಬೇಡಿ.

ಬುಡಾಪೆಸ್ಟಿನ ಟಾರ್ಮೆಂಟರ್ ಅನ್ನೋ ಬ್ಯಾಂಡು 'ಆನ್ನೋ ಡೊಮಿನಿ' ಆಲ್ಬಮ್ ರೆಕಾರ್ಡ್ ಮಾಡಿದ್ದು 1988ರಲ್ಲಿ. ಆಗ ಅಲ್ಲಿ ಕಮ್ಯುನಿಸ್ಟ್ ಆಡಳಿತ, ರೆಕಾರ್ಡ್ ಹೊರಡಿಸೋದು ಸರ್ಕಾರಿ ಕಂಪನಿ ಹಂಗಾರೋಟಾನ್ ಕೈಲಿ, ಸೈತಾನನ ಹೆಸರಲ್ಲಿ ಕಿರುಚೋ ಹುಡುಗರಿಗೆ ಅಲ್ಲಿ ಯಾರು ಬಾಗಿಲು ತೆಗೀತಾರೆ ಹೇಳಿ? ಹಾಡ್ತಿದ್ದ ಅಟಿಲಾ ಚಿಹಾರ್ ಇನ್ನೂ ಹದಿಹರೆಯದವ.

ಈಗ ಆ ಆಲ್ಬಮ್ಮಿನ ಟೇಪಿನ ಕಥೆ ಹೇಳ್ಲೇಬೇಕು, ನಂಗೆ ಬಲು ಇಷ್ಟದ್ದು. ಆಗೆಲ್ಲ ಊರೂರ ಅಭಿಮಾನಿಗಳು ಪೋಸ್ಟಲ್ಲಿ ಕ್ಯಾಸೆಟ್ ಕೊಟ್ಟು ತಗೊಳ್ತಿದ್ರು, ಬಂದಿದ್ದನ್ನ ಕಾಪಿ ಮಾಡಿ ಇನ್ನೊಬ್ಬನಿಗೆ, ಅವನು ಮತ್ತೊಬ್ಬನಿಗೆ, ಪ್ರತಿ ಕಾಪಿಗೂ ಸಿಂಬಲ್ ಸದ್ದು ಮಂಕಾಗಿ ಉಸ್ಸ್ ಅನ್ನೋ ಗಲಾಟೆ ಜಾಸ್ತಿ ಆಗ್ತಾ, ಹಾಗೇ ಕೈಯಿಂದ ಕೈಗೆ ಹೋಗಿ ನಾರ್ವೆ ಸೇರ್ತು. ಅಲ್ಲಿ ಮೇಹೆಮ್ ಬ್ಯಾಂಡಿನ ಗಿಟಾರಿಸ್ಟ್ ಯೂರೋನಿಮಸ್‌ಗೆ ಈ ಧ್ವನಿ ಹಿಡಿಸಿಬಿಡ್ತು. 1991ರಲ್ಲಿ ಅವರ ಹಾಡುಗಾರ ತೀರಿಕೊಂಡಿದ್ದ, ಕೊನೆಗೆ ಆಲ್ಬಮ್‌ಗೆ ಯಾರನ್ನ ಕರೆಸಿದ್ರು? ನಾರ್ವೆ ಹುಡುಗರನ್ನಲ್ಲ ಸ್ವಾಮಿ, ಬುಡಾಪೆಸ್ಟಿನ ಅಟಿಲಾನ! ನಾರ್ವೆಯ ಬೆರ್ಗೆನ್ ಊರಿನ ಗ್ರೀಗ್‌ಹಾಲನ್ ಸಭಾಂಗಣದಲ್ಲಿ ರೆಕಾರ್ಡ್ ಆಗಿ 1994ರಲ್ಲಿ ಬಂದ ಆ ಆಲ್ಬಮ್ 'ಡೆ ಮಿಸ್ಟೀರಿಯಿಸ್ ಡಾಮ್ ಸಥಾನಾಸ್' ಬಗ್ಗೆ ನಾರ್ವೆಯವರು ಎದೆ ತಟ್ಟಿಕೊಳ್ತಾರಲ್ಲ, ಅದರಲ್ಲಿರೋ ಗಂಟಲು ಹಂಗೇರಿದು. ಕೆಲವು ಕಡೆ ಆ ಮನುಷ್ಯ ಹಾಡ್ತಾನೋ, ಸತ್ತವರ ಜಪ ಮಾಡ್ತಾನೋ ಗೊತ್ತಾಗಲ್ಲ.

'ಆನ್ನೋ ಡೊಮಿನಿ' ಸಿಡಿಯಾಗಿ ಬಂದಿದ್ದೇ 1995ರಲ್ಲಿ, ಅದೂ ನಾರ್ವೆಯದೇ ಎಂಪರರ್ ಬ್ಯಾಂಡಿನ ಸಮೋತ್ ನಡೆಸ್ತಿದ್ದ ರೆಕಾರ್ಡ್ ಕಂಪನಿಯಿಂದ. ಅಲ್ಲಿಯವರಿಗೇ ಗೊತ್ತು ಸಾಲ ಎಲ್ಲಿಂದ ತಂದಿದ್ದು ಅಂತ, ನಮ್ಮ ಹುಡುಗರಿಗೆ ಮಾತ್ರ ಗೊತ್ತಿಲ್ಲ!

ಟೈಮ್ ಆಗೋಯ್ತು, ಹಾಡುಗಳ ಬಗ್ಗೆ ಹೇಳೋಕೇ ಆಗ್ಲಿಲ್ಲ. 'ಎಲಿಜಬೆತ್ ಬಾಥೊರಿ' ಒಂದನ್ನಾದ್ರೂ ಕೇಳಿ, ಹುಡುಗಿಯರನ್ನ ಚಿತ್ರಹಿಂಸೆ ಕೊಟ್ಟು ಕೊಂದ್ಳು ಅನ್ನೋ ಆರೋಪ ಹೊತ್ತು 1614ರಲ್ಲಿ ಕೋಟೆಯಲ್ಲೇ ಸತ್ತ ಹಂಗೇರಿಯ ಶ್ರೀಮಂತ ಹೆಂಗಸಿನ ಮೇಲಿನ ಹಾಡು, ಸ್ವೀಡನ್ನಿನ ಡಿಸೆಕ್ಷನ್ ಬ್ಯಾಂಡೂ ಇದನ್ನ ಹಾಡಿದೆ. ಆದ್ರೆ ಮೊದಲು ಮೂಲದ್ದು, ಹಂಗೇರಿದು ಕೇಳಿ, ಮತ್ತೆ ಹೇಳ್ತೀನಿ, ಹಂಗೇರಿದು. ಸೌಂಡ್ ಸರಿಯಿಲ್ಲ ಅಂತ ಇಕ್ವಲೈಜರ್ ತಿರುಗಿಸ್ತಾ ಕೂರಬೇಡಿ. ಫೋನಿನ ಸ್ಪೀಕರಲ್ಲಂತೂ ಬೇಡವೇ ಬೇಡ. ನಮಸ್ಕಾರ.