ಕಂಚಿನಲ್ಲಿ ನಿಂತ ಕೋಚ್

ಕೇಳುಗರೆ, ನಮಸ್ಕಾರ.

ಲಾಸ್ ಏಂಜಲೀಸಿನ ಯುಸಿಎಲ್‌ಎ ವಿಶ್ವವಿದ್ಯಾಲಯದಲ್ಲಿ, ಪಾಲೀ ಪೆವಿಲಿಯನ್ ಕ್ರೀಡಾಂಗಣದ ಹೊರಗೆ, ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ವುಡನ್ ಅವರ ಕಂಚಿನ ಪ್ರತಿಮೆಯಿದೆ. ಶಿಲ್ಪಿ ಬ್ಲೇರ್ ಬಸ್‌ವೆಲ್. ಅನಾವರಣವಾದದ್ದು 2012ರ ಅಕ್ಟೋಬರಿನಲ್ಲಿ. ವುಡನ್ ತೀರಿಕೊಂಡು ಆಗ ಎರಡು ವರ್ಷ ಕಳೆದಿತ್ತು. 1964ರಿಂದ 1975ರೊಳಗೆ ಅವರ ತಂಡ 10 ಸಲ ರಾಷ್ಟ್ರೀಯ ಕಾಲೇಜು ಚಾಂಪಿಯನ್ ಆಯಿತು, ಒಂದು ಹಂತದಲ್ಲಿ ಸತತ 88 ಪಂದ್ಯ ಗೆದ್ದಿತು.

ಆಟಗಾರನ ಪ್ರತಿಮೆಯಾದರೆ ನೆಗೆತವನ್ನೇ ಕಡೆಯಬಹುದು. ಕೋಚ್ ಸುಮ್ಮನೆ ನಿಂತಿರುವವರು. ಹಾಗಾಗಿ ಭುಜ, ಕೈ, ನೋಟ ಇಷ್ಟರಲ್ಲೇ ಆಳು ಗುರುತು ಸಿಗಬೇಕು. ಪಂದ್ಯದುದ್ದಕ್ಕೂ ವುಡನ್ ಕೈಯಲ್ಲಿ ಸುರುಳಿ ಸುತ್ತಿದ ಕಾರ್ಯಕ್ರಮ ಪಟ್ಟಿ ಇರುತ್ತಿತ್ತು. ಪ್ರತಿಮೆಯ ಕೈಯಲ್ಲೂ ಅದಿದೆ. ನೋಡುವವರಿಗೆ ಅದು ಬರೀ ಕಾಗದ. ಎರಕದವರಿಗೆ ಇಂಥ ತೆಳು ಭಾಗವೇ ಪರೀಕ್ಷೆ.

ಇಂಥ ಪ್ರತಿಮೆಗಳನ್ನು ಸಾಮಾನ್ಯವಾಗಿ ಮೇಣದ ಎರಕದಲ್ಲಿ ಮಾಡುತ್ತಾರೆ. ಜೇಡಿಮಣ್ಣಿನ ರೂಪದ ಮೇಲೆ ಸಿಲಿಕೋನ್ ರಬ್ಬರ್ ಬಳಿದು ಅಚ್ಚು ತೆಗೆದು, ಒಳಗೆ ಸುಮಾರು 5 ಮಿಲಿಮೀಟರ್ ದಪ್ಪಕ್ಕೆ ಮೇಣ ಕೂರಿಸುತ್ತಾರೆ. ತಲೆ, ತೋಳು, ಮುಂಡ, ಕಾಲು ಬೇರೆಬೇರೆ ತುಂಡುಗಳು. ಪ್ರತಿ ಮೇಣದ ತುಂಡಿಗೂ ಲೋಹ ಹರಿಯಲು, ಗಾಳಿ ಹೊರಬೀಳಲು ನಾಳ ಅಂಟಿಸಿ, ಸಿಲಿಕಾ ರಾಡಿಯಲ್ಲಿ ಅದ್ದಿ, ಮರಳು ಉದುರಿಸಿ ಒಣಗಿಸಬೇಕು. ಹೀಗೆ 8ರಿಂದ 10 ಪದರ. ಹಸಿ ಪದರದ ಮೇಲೆ ಅವಸರದಲ್ಲಿ ಇನ್ನೊಂದು ಹಾಕಿದರೆ ಕವಚ ಬಿರಿಯುತ್ತದೆ.

ಒಣಗಿದ ಕವಚದೊಳಗಿನ ಮೇಣವನ್ನು ಕರಗಿಸಿ ಇಳಿಸಿ, ಕಂಚಿಗೆ ಜಾಗ ಮಾಡಬೇಕು. ಆಗ ನಿಧಾನವಾಗಿ ಕಾಯಿಸುವುದೇ ತಪ್ಪು. ಮೇಣ ಕವಚಕ್ಕಿಂತ ಹೆಚ್ಚು ಹಿಗ್ಗಿ ಅದನ್ನು ಒಡೆದುಬಿಡುತ್ತದೆ. ಒಮ್ಮೆಲೇ ಜೋರು ಶಾಖ ಕೊಟ್ಟರೆ ಮೇಣದ ಮೇಲ್ಪದರ ಮೊದಲು ಕರಗಿ, ಉಳಿದದ್ದು ಹಿಗ್ಗಲು ಜಾಗವಾಗುತ್ತದೆ. ಆಮೇಲೆ ಬಿಸಿಯಾಗಿರುವ ಕವಚಕ್ಕೇ ಸುಮಾರು 1100 ಡಿಗ್ರಿ ಸೆಲ್ಸಿಯಸ್‌ನ ಕಂಚು ಹೊಯ್ಯುತ್ತಾರೆ. ಕವಚ ತಣ್ಣಗಾಗಿದ್ದರೆ ಕಾಗದದ ಅಂಚಿಗೆ ತಲುಪುವ ಮೊದಲೇ ಲೋಹ ಗಟ್ಟಿಯಾಗಿ, ಅಂಚು ಅರ್ಧಕ್ಕೇ ನಿಲ್ಲುತ್ತದೆ.

ತುಂಡುಗಳನ್ನು ಬೆಸೆಯುವ ಸಲಾಕೆಯೂ ಅದೇ ಮಿಶ್ರಲೋಹದ್ದಾಗಿರಬೇಕು. ಬೇರೆಯದಾದರೆ ಉಜ್ಜಿದಾಗ ಕಾಣದ ಬೆಸುಗೆ, ಬಣ್ಣ ಏರಿಸಿದ ಕೂಡಲೇ ಗೆರೆಯಾಗಿ ಎದ್ದು ಕಾಣುತ್ತದೆ. ಕಾಯಿಸಿದ ಕಂಚಿಗೆ ಫೆರಿಕ್ ನೈಟ್ರೇಟ್ ದ್ರಾವಣ ತಾಗಿಸಿದರೆ ಕಂದು ಬಣ್ಣ ಬರುತ್ತದೆ. ಅದರ ಮೇಲೆ ಮೇಣದ ಲೇಪ.

ಪೀಠಕ್ಕೆ ಕೂರಿಸುವಾಗ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಬಿಟ್ಟು ಬೇರೆ ಬೇಡ. ಮಾಮೂಲಿ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಕಲ್ಲನ್ನೇ ಸೀಳುತ್ತದೆ. ಪಾದದ ಬಳಿ ನೀರು ಬಸಿಯಲು ಸಣ್ಣ ತೂತು ಇರಲೇಬೇಕು. ಪೀಠ ತಗ್ಗಾಗಿರಲಿ ಎನ್ನುವುದು ನನ್ನ ಅಭಿಪ್ರಾಯ. ಕೋಚ್ ಹುಡುಗರ ನಡುವೆ ಬದುಕಿದವರು, ಮುಟ್ಟುವಷ್ಟು ಹತ್ತಿರ ಇರಲಿ.

ಮುಟ್ಟಿದರೆ ಬಣ್ಣ ಸವೆದು ಕಂಚು ಹೊಳೆಯುತ್ತದೆ, ನಿಜ. ಅದಕ್ಕೆ ಹೆದರಬೇಕಿಲ್ಲ, ಆ ಜಾಗಕ್ಕೆ ಮತ್ತೆ ಬಣ್ಣ ಏರಿಸಬಹುದು. ಹೆದರಬೇಕಾದದ್ದು ಸಮಾರಂಭದ ಹಿಂದಿನ ದಿನ ಹಿತ್ತಾಳೆ ಪಾಲಿಶ್ ಹಿಡಿದು ಬರುವವರಿಗೆ. ಒಂದೇ ಮಧ್ಯಾಹ್ನದಲ್ಲಿ ಬಣ್ಣವೆಲ್ಲ ಹೋಗುತ್ತದೆ. ವರ್ಷಕ್ಕೊಮ್ಮೆ ಸೌಮ್ಯ ಸಾಬೂನು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ತೆಳುವಾಗಿ ಮೇಣ ಹಚ್ಚಿ ಬಟ್ಟೆಯಿಂದ ಉಜ್ಜಿದರೆ ಸಾಕು. ಆ ಖರ್ಚನ್ನು ಅನಾವರಣಕ್ಕೆ ಮೊದಲೇ ಬಜೆಟ್ಟಿನಲ್ಲಿ ತೆಗೆದಿಡಬೇಕು.

ನಮಸ್ಕಾರ.