ಮನೆ ಒಬ್ಬರದು, ನೆಲ ಇನ್ನೊಬ್ಬರದು

ಎಲ್ಲರಿಗೂ ನಮಸ್ಕಾರ.

ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲಿ ಸ್ಕೆಗ್‌ನೆಸ್ ಅಂತ ಒಂದು ಊರಿದೆ. ಅದರ ಆಸುಪಾಸಿನಲ್ಲಿ ಕಣ್ಣು ಹಾಯಿಸಿದಷ್ಟು ದೂರ ಕ್ಯಾರವಾನ್‌ಗಳ ಸಾಲು. ನೋಡಲು ಉದ್ದನೆಯ ಪುಟ್ಟ ಮನೆಗಳು. ಬಾಗಿಲಿಗೆ ಎರಡು ಮೆಟ್ಟಿಲು, ಪಕ್ಕದಲ್ಲಿ ಗ್ಯಾಸ್ ಸಿಲಿಂಡರ್. ಬಗ್ಗಿ ನೋಡಿದರೆ ಕೆಳಗೆ ಚಕ್ರ! ಆ ಮನೆ ಒಬ್ಬರದು, ಅದು ನಿಂತ ನೆಲ ಇನ್ನೊಬ್ಬರದು. ನೆಲದ ಮಾಲೀಕರ ಸಂಘದ ಕಥೆ ಶುರುವಾಗುವುದೇ ಇಲ್ಲಿಂದ.

ಕ್ಯಾರವಾನ್ ಮೊದಲು ಉಳ್ಳವರ ಹವ್ಯಾಸವಾಗಿತ್ತು. 1907ರಲ್ಲೇ ಅವರದೊಂದು ಕ್ಲಬ್ ಇತ್ತು. ಎರಡನೇ ಮಹಾಯುದ್ಧ ಮುಗಿದಾಗ ಕಥೆ ಬದಲಾಯಿತು. ಬಾಂಬಿಗೆ ಮನೆಗಳು ಹೋಗಿದ್ದವು, ಹೊಸ ಮನೆ ಸಿಗುತ್ತಿರಲಿಲ್ಲ. ಜನ ಕ್ಯಾರವಾನಿನಲ್ಲೇ ಸಂಸಾರ ಹೂಡಿದರು. 1959ರಲ್ಲಿ ಸರ್ ಆರ್ಟನ್ ವಿಲ್ಸನ್ ಸರ್ಕಾರಕ್ಕೆ ಕೊಟ್ಟ ವರದಿಯ ಪ್ರಕಾರ ಸುಮಾರು 60,000 ಕ್ಯಾರವಾನ್‌ಗಳಲ್ಲಿ 1,50,000 ಜನ ವಾಸವಿದ್ದರು. ಎಷ್ಟೋ ಕಡೆ ನೀರು, ಶೌಚಾಲಯ ಸರಿಯಿರಲಿಲ್ಲ.

ಕ್ಯಾರವಾನ್‌ಗಳು ಸಾಲಾಗಿ ನಿಲ್ಲುವ ಜಾಗಕ್ಕೆ ಅಲ್ಲಿ ಪಾರ್ಕ್ ಅಂತಾರೆ. ಅಷ್ಟರಲ್ಲಿ ಈ ಪಾರ್ಕ್‌ಗಳ ಮಾಲೀಕರು 1950ರಲ್ಲೇ ಒಟ್ಟಾಗಿದ್ದರು. ಇವತ್ತು ಆ ಸಂಘದ ಹೆಸರು ಬ್ರಿಟಿಷ್ ಹಾಲಿಡೇ ಅಂಡ್ ಹೋಮ್ ಪಾರ್ಕ್ಸ್ ಅಸೋಸಿಯೇಷನ್.

1960ರಲ್ಲಿ ದೊಡ್ಡ ಕಾನೂನು ಬಂತು. ಪಾರ್ಕ್ ನಡೆಸಲು ಸ್ಥಳೀಯ ಕೌನ್ಸಿಲ್‌ನಿಂದ ಲೈಸೆನ್ಸ್ ಕಡ್ಡಾಯ. ಅದರ ಜೊತೆ ಬಂದ ಮಾದರಿ ನಿಯಮಗಳಲ್ಲಿ ಒಂದನ್ನು ನೋಡಿ: ಎರಡು ಕ್ಯಾರವಾನ್‌ಗಳ ನಡುವೆ 20 ಅಡಿ ಜಾಗ. ಒಂದಕ್ಕೆ ಬೆಂಕಿ ಬಿದ್ದರೆ ಪಕ್ಕದ್ದಕ್ಕೆ ಹತ್ತಬಾರದು ಅಂತ. ಆದರೆ ಹೊಲದ ಒಂದು ಮೂಲೆಯಲ್ಲಿ ಪಾರ್ಕ್ ನಡೆಸುವ ರೈತನಿಗೆ ಆ 20 ಅಡಿ ಅಂದರೆ ಕಡಿಮೆ ಕ್ಯಾರವಾನ್, ಕಡಿಮೆ ಬಾಡಿಗೆ. ಅಂಥವನು ಒಬ್ಬನೇ ಕೌನ್ಸಿಲ್ ಎದುರು ಏನು ಮಾತಾಡಿಯಾನು? ಸಂಘ ಬೇಕಾಗುವುದು ಅಂಥ ಹೊತ್ತಿನಲ್ಲೇ ಅಲ್ವಾ?

ಸಂಘದ ಬಲ ಚೆನ್ನಾಗಿ ಕಂಡದ್ದು 2012ರಲ್ಲಿ. ಅಲ್ಲಿಯವರೆಗೆ ಒಂದೇ ಕಡೆ ನಿಲ್ಲುವ ದೊಡ್ಡ ಕ್ಯಾರವಾನಿಗೆ ವ್ಯಾಟ್ ಇರಲಿಲ್ಲ. ಬಜೆಟ್‌ನಲ್ಲಿ ಏಕಾಏಕಿ 20% ಹಾಕುವ ಪ್ರಸ್ತಾಪ ಬಂತು. ಹಲ್ ನಗರದ ಸುತ್ತಮುತ್ತ ಕ್ಯಾರವಾನ್ ಕಾರ್ಖಾನೆಗಳೇ ಜಾಸ್ತಿ, ಅಲ್ಲಿನ ಕೆಲಸಗಾರರಿಗೆ ದಿಗಿಲಾಯಿತು. ತಯಾರಕರು, ಪಾರ್ಕ್ ಮಾಲೀಕರು, ಆ ಭಾಗದ ಸಂಸದರು ಎಲ್ಲರೂ ದನಿ ಎತ್ತಿದರು. ಸರ್ಕಾರ 5%ಕ್ಕೆ ಇಳಿಯಿತು.

ಆದರೆ ಈ ಚರಿತ್ರೆಯನ್ನು ಮಾಲೀಕರ ಕಡೆಯಿಂದ ಮಾತ್ರ ಹೇಳಿದರೆ ಅನ್ಯಾಯವಾಗುತ್ತದೆ. ಪಾರ್ಕಿನಲ್ಲೇ ವರ್ಷಪೂರ್ತಿ ವಾಸಿಸುವವರಲ್ಲಿ ವಯಸ್ಸಾದವರು ಬಹಳ. ಚಕ್ರ ಇದೆ ಅಂತ ಮನೆಯನ್ನು ಎಳೆದುಕೊಂಡು ಹೋಗೋಕಾಗುತ್ತಾ? ಬೇರೆ ಜಾಗ ಎಲ್ಲಿದೆ? 1968ರ ಕಾನೂನು ಬಂದ ಮೇಲೆ ಕೋರ್ಟ್ ಆದೇಶ ಇಲ್ಲದೆ ಅವರನ್ನು ಎಬ್ಬಿಸುವಂತಿಲ್ಲ ಎಂದಾಯಿತು. 1983ರ ಕಾನೂನು ಇನ್ನಷ್ಟು ಭದ್ರತೆ ಕೊಟ್ಟಿತು. ಆದರೂ ಮನೆ ಮಾರುವಾಗ ಕೊಳ್ಳುವವರನ್ನು ಪಾರ್ಕ್ ಮಾಲೀಕರು ಒಪ್ಪಬೇಕಿತ್ತು. ಕೆಲವರು ಬಂದ ಗಿರಾಕಿಗಳನ್ನೆಲ್ಲ ಓಡಿಸಿ, ಕೊನೆಗೆ ಆ ಮನೆಯನ್ನು ತಾವೇ ಅಗ್ಗಕ್ಕೆ ಹೊಡೆದುಕೊಂಡರು. ನಿಯತ್ತಾಗಿ ನಡೆಸುವ ಮಾಲೀಕರಿಗೂ ಅದರಿಂದ ಕೆಟ್ಟ ಹೆಸರು. 2013ರಲ್ಲಿ ಇಂಗ್ಲೆಂಡಿನ ಕಾನೂನು ಆ ಅಧಿಕಾರವನ್ನು ಕಿತ್ತುಕೊಂಡಿತು.

ಮಾರಿದ ಬೆಲೆಯಲ್ಲಿ 10%ರವರೆಗಿನ ಕಮಿಷನ್ ಮಾತ್ರ ಮಾಲೀಕರಿಗೇ ಉಳಿಯಿತು. ಮನೆ ನನ್ನದು, ನಿಮಗೆ ಯಾಕೆ ಪಾಲು ಅಂತ ವಾಸಿಗಳು ಕೇಳುತ್ತಾರೆ. ಆ ಹಣದಲ್ಲೇ ಪಾರ್ಕ್ ನಡೆಯುವುದು ಅಂತ ಮಾಲೀಕರು ಹೇಳುತ್ತಾರೆ. ಆ ಜಗಳ ಇನ್ನೂ ಮುಗಿದಿಲ್ಲ.