ಮೊದಲು ಎಸ್‌ಎಂಪಿಎಸ್ ಲೇಬಲ್ ಓದಿ

ಎಲ್ಲರಿಗೂ ನಮಸ್ಕಾರ. ಪ್ರೊಸೆಸರ್ ಯಾವುದು, ಗ್ರಾಫಿಕ್ಸ್ ಕಾರ್ಡ್ ಯಾವುದು ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ನನ್ನ ಮಾತೆಲ್ಲ ಕಂಪ್ಯೂಟರ್ ಜೋಡಿಸಲು ನೀವು ಬರೆದಿಟ್ಟ ಪಟ್ಟಿಯ ಕೊನೆಯ ಎರಡು ಸಾಲಿನ ಬಗ್ಗೆ. ಕ್ಯಾಬಿನೆಟ್, ಅಂದರೆ ಎಲ್ಲವನ್ನೂ ಕೂರಿಸುವ ಹೊರಪೆಟ್ಟಿಗೆ, ಮತ್ತು ಎಸ್‌ಎಂಪಿಎಸ್, ಅಂದರೆ ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ ಕಡಿಮೆ ವೋಲ್ಟ್‌ಗೆ ಇಳಿಸಿಕೊಡುವ ಡಬ್ಬಿ. ಉಳಿದ ಚಿಲ್ಲರೆಯಲ್ಲಿ ಕೊಳ್ಳುವ ಸಾಮಾನು ಇವು, ಅಲ್ವಾ? ಆ ಪಟ್ಟಿಯನ್ನೇ ತಲೆಕೆಳಗು ಮಾಡಿ ಅನ್ನುತ್ತೇನೆ.

ನಮ್ಮ ಬೀದಿಯ ಹುಡುಗನೊಬ್ಬ ತಾನೇ ಕಂಪ್ಯೂಟರ್ ಜೋಡಿಸಿದ. ಸಿನಿಮಾ, ಟೈಪಿಂಗ್ ಎಲ್ಲ ಸರಿ. ಗೇಮ್ ಶುರುವಾದರೆ ಸಾಕು, ರೀಸ್ಟಾರ್ಟ್. ವಿಂಡೋಸ್ ಮತ್ತೆ ಹಾಕಿದ. ರ‍್ಯಾಮ್ ಕಿತ್ತು ಒರೆಸಿ ಕೂರಿಸಿದ. ಅವರಮ್ಮ ವೈರಸ್ ಇರಬೇಕು ಕಣೋ ಅಂದರು. ಕೊನೆಗೆ ಪಕ್ಕದ ಬಾಗಿಲು ಬಿಚ್ಚಿ, ಟಾರ್ಚ್ ಹಿಡಿದು ಎಸ್‌ಎಂಪಿಎಸ್ ಲೇಬಲ್ ಓದಿದೆವು. ದಪ್ಪ ಅಕ್ಷರದಲ್ಲಿ 450 ವ್ಯಾಟ್. ಅದರಡಿ ಸಣ್ಣ ಕೋಷ್ಟಕ. 12 ವೋಲ್ಟ್ ಮನೆಯಲ್ಲಿ 16 ಆಂಪಿಯರ್. ಗುಣಿಸಿ ನೋಡಿ, 192 ವ್ಯಾಟ್! ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಬಹುಪಾಲು ಈ 12 ವೋಲ್ಟ್‌ನಿಂದಲೇ. ಕ್ಯಾಬಿನೆಟ್ ಜೊತೆ ಫ್ರೀ ಬಂದ ಎಸ್‌ಎಂಪಿಎಸ್ ಅದು, ಗೇಮ್‌ನ ಭಾರ ತಡೆಯಲಿಲ್ಲ.

ಎಸ್‌.ಪಿ. ರೋಡಿನಲ್ಲಿ, ಬೆಂಗಳೂರಿನ ಆ ಎಲೆಕ್ಟ್ರಾನಿಕ್ಸ್ ಪೇಟೆಯಲ್ಲಿ, ಚೌಕಾಸಿಗೆ ನಿಂತಾಗ ‘ಎಷ್ಟು ವ್ಯಾಟ್’ ಅಂತ ಕೇಳಿ ಸುಮ್ನೆ ಆಗಬೇಡಿ. ‘12 ವೋಲ್ಟ್‌ನಲ್ಲಿ ಎಷ್ಟು ಆಂಪಿಯರ್’ ಅಂತ ಕೇಳಿ. ಒಳ್ಳೆಯ 550 ವ್ಯಾಟ್ ಯೂನಿಟ್‌ನಲ್ಲಿ ಅದು 45ರ ಆಸುಪಾಸು ಇರುತ್ತದೆ. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ ಎಳೆಯುವುದು 115 ವ್ಯಾಟ್. ಅಂಥದ್ದಕ್ಕೆ ಇದು ಧಾರಾಳ. 80 ಪ್ಲಸ್ ಸ್ಟಿಕ್ಕರ್ ಕೂಡ ನೋಡಿ, ಆದರೆ ಅದು ಹೇಳುವುದು ಕರೆಂಟ್ ಎಷ್ಟು ಪೋಲಾಗುತ್ತದೆ ಅನ್ನುವುದನ್ನು. ಶಾರ್ಟ್ ಆದರೆ ಯೂನಿಟ್ ತಾನಾಗಿ ಆಫ್ ಆಗುತ್ತದೆಯೇ ಅನ್ನುವುದು ಬೇರೆ ಪ್ರಶ್ನೆ. ಅದನ್ನೂ ಕೇಳಿ.

ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ಎಷ್ಟೋ ಜನ ದೂರುತ್ತಾರೆ. ಇಲ್ಲಿ ಎಸ್‌ಎಂಪಿಎಸ್‌ನ ತಪ್ಪಿಲ್ಲದೆಯೂ ಇರಬಹುದು. ಅದರ ಫಿಲ್ಟರ್‌ನಲ್ಲಿ ಫೇಸ್‌ನಿಂದಲೂ ನ್ಯೂಟ್ರಲ್‌ನಿಂದಲೂ ಲೋಹದ ಮೈಗೆ ಸಣ್ಣ ಕೆಪಾಸಿಟರ್ ಇರುತ್ತವೆ. ಅರ್ಥಿಂಗ್ ಇಲ್ಲದ ಮನೆಯಲ್ಲಿ ಕ್ಯಾಬಿನೆಟ್ ಮೈ 230 ವೋಲ್ಟ್‌ನ ಅರ್ಧದಷ್ಟಕ್ಕೆ ಏರುತ್ತದೆ. ಹರಿಯುವ ಕರೆಂಟ್ ಕಡಿಮೆ, ಆದರೂ ಬಿಡಬೇಡಿ. ಪ್ಲಗ್ ಎಳೆದು ಎಲೆಕ್ಟ್ರಿಷಿಯನ್ ಕರೆಸಿ. ಮೂರನೇ ಪಿನ್ ತಪ್ಪಿಸುವ ಅಡಾಪ್ಟರ್ ಮನೆಗೇ ತರಬೇಡಿ, ದಯವಿಟ್ಟು.

ಚೀಟಿ ಬಂತು, ಐದೇ ನಿಮಿಷ ಅಂತೆ. ಹಾಗಾದರೆ ಕ್ಯಾಬಿನೆಟ್ ಬೇಗ ಮುಗಿಸುತ್ತೇನೆ. ಮುಂದೆ ಜಾಲರಿ ಇರಲಿ, ಬರೀ ಗಾಜಿದ್ದರೆ ಗಾಳಿ ಒಳಗೆ ಬರಲು ದಾರಿಯಿಲ್ಲ. ಬಿಚ್ಚಿ ತೊಳೆಯುವ ಧೂಳಿನ ಫಿಲ್ಟರ್ ಬೇಕೇ ಬೇಕು. ಗ್ರಾಫಿಕ್ಸ್ ಕಾರ್ಡಿನ ಉದ್ದ, ಪ್ರೊಸೆಸರ್ ಮೇಲಿನ ಕೂಲರ್‌ನ ಎತ್ತರ ಬರೆದುಕೊಂಡು ಹೋಗಿ. ಮದರ್‌ಬೋರ್ಡಿನ ಅಳತೆಯೂ ಬೇಕು: ಎಟಿಎಕ್ಸ್ ಬೋರ್ಡ್ 305 ಮಿ.ಮೀ. ಉದ್ದ, ಮೈಕ್ರೋ ಎಟಿಎಕ್ಸ್ 244. ಲೈಟುಗಳ ಬಗ್ಗೆ ನಿಮ್ಮಿಷ್ಟ.

ಇದೊಂದು ಹೇಳಿ ಇಳಿಯುತ್ತೇನೆ. ಎಸ್‌ಎಂಪಿಎಸ್ ಬದಲಿಸಿದಾಗ ಹಳೆಯ ಮಾಡ್ಯುಲರ್ ಕೇಬಲ್, ಅಂದರೆ ಎಸ್‌ಎಂಪಿಎಸ್‌ನಿಂದ ಬಿಚ್ಚಿ ತೆಗೆಯಬಹುದಾದ ಕೇಬಲ್, ಹೊಸದಕ್ಕೆ ಸಿಕ್ಕಿಸಬೇಡಿ. ಕನೆಕ್ಟರ್ ಸಲೀಸಾಗಿ ಕೂರಬಹುದು, ಆದರೆ ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಕ್ರಮ ಕಂಪನಿಯಿಂದ ಕಂಪನಿಗೆ ಬೇರೆ. 5 ವೋಲ್ಟ್ ಹೋಗಬೇಕಾದಲ್ಲಿ 12 ಹೋದರೆ ಡಿಸ್ಕ್ ಸುಡುತ್ತದೆ. ಹಳೆಯ ಕೇಬಲ್ಲುಗಳನ್ನು ಹಳೆಯ ಯೂನಿಟ್ ಜೊತೆಗೇ ಕಟ್ಟಿಡಿ.